ಅಂಗಾಂಗ ದಾನ: ಮನೆಯಲ್ಲಿ ಮೊದಲೇ ಆಡಬೇಕಾದ ಮಾತು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದರು. ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನಾನು ಬೇರೊಂದು ವಿಷಯವನ್ನು ಹಳೆಯ ವಿದ್ಯಾರ್ಥಿಗಳ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ನೇತ್ರದಾನವು ನಮ್ಮ ತಾಳವಾಡಿ ಸೀಮೆಗೆ ಅಪರಿಚಿತವಲ್ಲ. ಗಾಜನೂರಿನ ಡಾ. ರಾಜ್‌ಕುಮಾರ್ ಅವರು 2006ರಲ್ಲಿ, ಅವರ ಪುತ್ರ ಪುನೀತ್ 2021ರಲ್ಲಿ ನಿಧನರಾದಾಗ ಅವರ ಕಣ್ಣುಗಳು ದಾನವಾದುದನ್ನು ನಾವೆಲ್ಲ ಬಲ್ಲೆವು. ಹೃದಯ ನಿಂತ ಮೇಲೆಯೂ ಸುಮಾರು ಆರು ಗಂಟೆಗಳೊಳಗೆ ಕಣ್ಣನ್ನು ಮನೆಯಲ್ಲಿಯೇ ಪಡೆಯಬಹುದು. ಮೃತರಿಂದ ಹೃದಯ, ಯಕೃತ್ತು, ಮೂತ್ರಪಿಂಡಗಳನ್ನು ಪಡೆಯುವುದು ಅಷ್ಟು ಸುಲಭವಲ್ಲ. ಮಿದುಳು ಸತ್ತು, ಯಂತ್ರದ ಉಸಿರಿನಿಂದ ಹೃದಯವು ಮಿಡಿಯುತ್ತಿರುವಾಗಲೇ ಸಾಮಾನ್ಯವಾಗಿ ಅವನ್ನು ಪಡೆಯಬೇಕು. ತೊಡಕಿರುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನಿಗೆ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಘಟ್ಟದ ಕೆಳಗಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಮೂರನೆಯ ದಿನ ವೈದ್ಯರು ತಮಿಳಿನಲ್ಲಿ ಅಂಗದಾನದ ಮಾತನ್ನೆತ್ತಿದರು. ಅವನ ತಂದೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಮೈ ಬೆಚ್ಚಗದ, ಉಸ್ರು ಆಡ್ತಾ ಅದ. ಸತ್ತೋಗವ್ನ ಅಂತಾರಲ್ಲ, ನೀವೇ ಯೋಳಿ” ಎಂದ. ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. ಆತ ಒಪ್ಪಲಿಲ್ಲ. ಆತನದು ತಪ್ಪೆಂದು ನಾನು ಹೇಳಲಾರೆ.

ಅಂದು ಹೇಳಬೇಕಾಗಿದ್ದುದನ್ನು ಆಮೇಲೆ ಓದಿ ತಿಳಿದುಕೊಂಡೆ. ಕೋಮಾದಲ್ಲಿರುವವನು ಎಚ್ಚರಗೊಂಡಾನು, ಮಿದುಳು ಸತ್ತವನು ಮರಳಲಾರ. 1994ರ ಕೇಂದ್ರ ಕಾಯಿದೆಯಂತೆ ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಇದನ್ನು ದೃಢಪಡಿಸಬೇಕು. ಕಸಿ ಮಾಡುವ ವೈದ್ಯರು ಆ ನಾಲ್ವರಲ್ಲಿ ಇರಕೂಡದು. ಅಂಗಗಳ ಕ್ರಯವಿಕ್ರಯ ಶಿಕ್ಷಾರ್ಹ ಅಪರಾಧ. ಕಾಯುತ್ತಿರುವ ರೋಗಿಗಳ ಪಟ್ಟಿಯನ್ನು ತಮಿಳುನಾಡಿನಲ್ಲಿ ಟ್ರಾನ್ಸ್‌ಟಾನ್ ಸಂಸ್ಥೆಯೂ ಕರ್ನಾಟಕದಲ್ಲಿ ಜೀವಸಾರ್ಥಕತೆಯೂ ನೋಡಿಕೊಳ್ಳುತ್ತವೆ. ನಮ್ಮವರು ದಿಂಬಂ ಇಳಿದು ಕೊಯಮತ್ತೂರಿಗೆ ಹೋದರೂ ಸರಿ, ಚಾಮರಾಜನಗರ ದಾಟಿ ಮೈಸೂರಿಗೆ ಹೋದರೂ ಸರಿ, ಕಾಯಿದೆ ಒಂದೇ. ದಾನದ ಕಾರ್ಡಿಗೆ ಸಹಿ ಹಾಕಿದ್ದರೂ ಕೊನೆಗೆ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ.

2008ರಲ್ಲಿ ಚೆನ್ನೈಯಲ್ಲಿ ಹಿತೇಂದ್ರನ್ ಎಂಬ ಬಾಲಕನ ಅಂಗಗಳನ್ನು ತಂದೆತಾಯಿಗಳು ದಾನ ಮಾಡಿದ ಮೇಲೆ ತಮಿಳುನಾಡಿನಲ್ಲಿ ಜನಜಾಗೃತಿ ಹೆಚ್ಚಿತು. ಅವರಿಬ್ಬರೂ ವೈದ್ಯರು, ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. 2023ರಿಂದ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವವನ್ನೂ ಈ ರಾಜ್ಯ ಸಲ್ಲಿಸುತ್ತಿದೆ. ಒಳ್ಳೆಯದೇ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕನ್ನಡದ ರೈತನಿಗೆ ಕನ್ನಡದಲ್ಲಿ ಹೇಳುವವರು ಯಾರು? ನಮ್ಮ ಶಾಲೆಯಲ್ಲಿ ಓದಿ ದಾದಿಯರೂ ವೈದ್ಯರೂ ಆದವರು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬಂದು, ಹತ್ತನೆಯ ತರಗತಿಯ ಮಕ್ಕಳನ್ನೂ ಪೋಷಕರನ್ನೂ ಒಟ್ಟಿಗೆ ಕೂರಿಸಿ ಇದನ್ನು ವಿವರಿಸಬೇಕೆಂಬುದು ನನ್ನ ಕೋರಿಕೆ.

ನಾನು ನನ್ನ ಇಚ್ಛೆಯನ್ನು ಯುಗಾದಿಯ ದಿನ ಮಕ್ಕಳಿಗೆ ತಿಳಿಸಿದೆ. ಹಬ್ಬದ ಊಟದ ಹೊತ್ತಿನಲ್ಲಿ ಇಂಥ ಮಾತೇ ಎಂದು ಹಿರಿಯ ಮಗಳು ಸಿಡುಕಿದಳು. ಮರುದಿನ ಬೆಳಿಗ್ಗೆ ಕಾಫಿ ತಂದಿಟ್ಟು, “ಅಪ್ಪ, ಆ ನಾಲ್ಕು ಜನ ಡಾಕ್ಟರ ವಿಷಯ ಇನ್ನೊಂದ್ಸಲ ಹೇಳಿ” ಎಂದು ಎದುರು ಕುಳಿತಳು.