ಎಂಸಿಬಿ ಇದ್ರೆ ಸಾಕಾ? ಮಳೆಗಾಲದ ಮುಂಚೆ ಮನೆ ಮೇನ್ ಬೋರ್ಡ್ ಒಮ್ಮೆ ನೋಡಿ

ಮಳೆ ಹಿಡಿದರೆ ಸಾಕು, ಗೋಡೆ ಮುಟ್ಟಿದ್ರೆ ಜುಂ ಅನ್ನುತ್ತೆ, ನಲ್ಲಿ ಮುಟ್ಟಿದ್ರೆ ಶಾಕ್ ಹೊಡೆಯುತ್ತೆ ಎಂಬ ದೂರು ಶುರು. ಹೆಚ್ಚಿನವರು ಮೊದಲು ಫೋನ್ ಮಾಡುವುದು ಲೈನ್‌ಮನ್‌ಗೆ. ಆದರೆ ಮೀಟರ್ ದಾಟಿದ ಮೇಲಿನ ವೈರಿಂಗ್ ಮನೆಯವರದ್ದೇ ಜವಾಬ್ದಾರಿ. ಹೊಸ ಸಂಪರ್ಕ ಪಡೆಯುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಕೊಡಬೇಕು. ಆಮೇಲೆ ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷವಾದರೂ ಬೋರ್ಡ್ ಬಿಚ್ಚಿ ನೋಡಿದವರಿಲ್ಲ. ಅಷ್ಟರಲ್ಲಿ ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಅದೇ ಹಳೇ ವೈರ್ ಮೇಲೆ ಬಂದು ಕೂತಿವೆ.

ಕೇಳಿದರೆ ಬರುವ ಉತ್ತರ ಒಂದೇ: ‘ಎಂಸಿಬಿ ಇದೆಯಲ್ಲ.’ ಎಂಸಿಬಿ ಕಾಯುವುದು ವೈರ್ ಅನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿ ಬೀಳುವುದು ಲೋಡ್ ಮೀರಿದಾಗ ಅಥವಾ ಶಾರ್ಟ್ ಆದಾಗ. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಜೀವ ಹೋಗಲು ಅದರ ನೂರರಲ್ಲಿ ಒಂದು ಪಾಲು ಕರೆಂಟ್ ಸಾಕು. ಅದನ್ನು ಹಿಡಿಯುವುದು ಆರ್‌ಸಿಸಿಬಿ. ಮನೆಗೆ ಬೇಕಾದ್ದು 30 ಮಿಲಿಆಂಪಿಯರ್‌ನದು. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಬೇರೆ ಕಡೆ ಸೋರಿದರೆ ತಟ್ಟನೆ ಕಟ್ ಮಾಡುತ್ತದೆ. ಇದನ್ನು ಹಾಕಿಸಿಕೊಂಡವರಲ್ಲೂ ಕೆಲವರು, ಮಳೆಯಲ್ಲಿ ಪದೇಪದೇ ಬೀಳುತ್ತೆ ಅಂತ ಬೈಪಾಸ್ ಮಾಡಿಸಿಬಿಡುತ್ತಾರೆ. ಪದೇಪದೇ ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಇದರಲ್ಲಿ ಗೃಹಜ್ಯೋತಿಯ ಪಾತ್ರವೂ ಇದೆ. 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರತೊಡಗಿತು. ಮೊದಲಾದರೆ ಬಿಲ್ ಏರಿದಾಗ ‘ಎಲ್ಲೋ ಅರ್ತ್ ಆಗ್ತಿದೆ’ ಎಂದು ಹುಡುಕಿಸುತ್ತಿದ್ದರು. ಈಗ ಬಿಲ್‌ನಲ್ಲಿ ಯೂನಿಟ್ ಅಚ್ಚಾಗಿದ್ದರೂ ಎಷ್ಟು ಜನ ನೋಡುತ್ತಾರೆ? ಯೋಜನೆಯದ್ದೇನೂ ತಪ್ಪಿಲ್ಲ, ಬಿಡಿ. ಸೋರಿಕೆ ಇದೆಯಾ ಅಂತ ಮನೆಯವರೇ ನೋಡಬಹುದು. ಮೇನ್ ಆನ್ ಇಟ್ಟು, ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಂದಷ್ಟು ಹೊತ್ತು ಮೀಟರ್ ಗಮನಿಸಿ. ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಅಂಗಡಿಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಶಟರ್. ಹೊರಗಿನ ಬೋರ್ಡ್ ಲೈಟಿಗೆ ಎಳೆದ ವೈರ್ ಶಟರ್ ಸಂದಿಯಲ್ಲಿ ಹಾದಿರುತ್ತದೆ. ದಿನಾ ಎಳೆದೂ ಎಳೆದೂ ಅದರ ಇನ್ಸುಲೇಷನ್ ಸವೆದರೆ ಇಡೀ ಶಟರ್‌ಗೇ ಕರೆಂಟ್; ಬೆಳಗ್ಗೆ ಬಾಗಿಲು ತೆಗೆಯುವ ಹುಡುಗನ ಕೈ ಮೊದಲು ಹೋಗುವುದೇ ಅಲ್ಲಿಗೆ. ಮನೆಗಳಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯೂ ಹೀಗೆಯೇ. ಅದನ್ನು ಸರ್ವಿಸ್ ವೈರ್ ಹತ್ತಿರ ಕಟ್ಟುವ ಬದಲು ನೈಲಾನ್ ಹಗ್ಗ ಕಟ್ಟಿದರಾಯ್ತು.

ಆರ್‌ಸಿಸಿಬಿ ಇರುವವರು ಅದರ ‘ಟೆಸ್ಟ್’ ಬಟನ್ ಆಗಾಗ ಒತ್ತಿ ನೋಡಬೇಕು, ಬೀಳದಿದ್ದರೆ ಅದು ಕೆಟ್ಟಿದೆ. ಇಲ್ಲದವರಿಗೆ ಖರ್ಚು ಒಂದೆರಡು ಸಾವಿರ ರೂಪಾಯಿ. ಬಾಡಿಗೆ ಮಳಿಗೆಗಳಲ್ಲಿ ಮಾತು ನಿಲ್ಲುವುದೂ ಇಲ್ಲೇ: ಮಾಲೀಕರು ಹಾಕಿಸಬೇಕೋ, ಬಾಡಿಗೆದಾರರೋ? ಅಡ್ವಾನ್ಸ್ ಕೊಟ್ಟು ಕರಾರು ಬರೆಸುವಾಗಲೇ ಇದನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.