ತುಟಿ ಹೊಲಿಸಿದರೆ ಮುಗಿಯಿತೇ? ದವಡೆಯ ಅಳತೆಯೂ ಬೇಕು

ರಾಮಕೃಷ್ಣನಗರದ ಆಂದೋಲನ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಚ್.ಡಿ. ಕೋಟೆ ಕಡೆಯ ಒಬ್ಬರು ಅಕ್ಕ ನಮಗೆ ಸಿಕ್ಕರು. ಒಂಬತ್ತು ವರ್ಷದ ಮಗನನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮಾತಿನ ತರಬೇತಿಗೆ ಕರೆತಂದಿದ್ದರು. ಹುಡುಗನ ಸೀಳುತುಟಿಗೂ ಸೀಳು ಅಂಗುಳಕ್ಕೂ ಕೂಸಾಗಿದ್ದಾಗಲೇ ಆಪರೇಷನ್ ಆಗಿದೆ. "ಹೊಲ್ಸಾಯ್ತಲ್ಲ, ಇನ್ನೂ ಯಾಕವ್ವಾ ಮೈಸೂರಿಗೆ ಅಲೀತೀಯ ಅಂತಾರೆ ಊರೋರು" ಅಂದರು.

ಊರವರ ಪ್ರಶ್ನೆಗೆ ಉತ್ತರ ಇದೆ. ಹೊಲಿದ ಅಂಗುಳದಲ್ಲಿ ಗಾಯದ ಕಲೆ ಉಳಿಯುತ್ತದೆ. ಅದು ಬಿಗಿಯುವುದರಿಂದ ಕೆಲವು ಮಕ್ಕಳ ಮೇಲ್ದವಡೆ ಸರಿಯಾಗಿ ಬೆಳೆಯುವುದಿಲ್ಲ. ಮೇಲಿನ, ಕೆಳಗಿನ ಹಲ್ಲು ಕೂಡುವುದಿಲ್ಲ. ಅಗಿಯಲೂ ಕಷ್ಟ, ಮಾತಿಗೂ ತೊಡಕು. ವಸಡಿನ ಮೂಳೆಯಲ್ಲಿ ಸೀಳು ಉಳಿದಿದ್ದರೆ, ಕೋರೆಹಲ್ಲು ಬರುವ ಮುಂಚೆ, ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಬೇರೆ ಮೂಳೆ ತಂದು ತುಂಬಬೇಕು. ಆ ಹೊತ್ತು ತಪ್ಪಿದರೆ ಚಿಕಿತ್ಸೆ ಕಷ್ಟವಾಗುತ್ತದೆ.

ಹೊತ್ತು ತಪ್ಪದಿರಲು ಆಗಾಗ ಅಳೆಯಬೇಕು. ಮೊದಲು ಬಾಯಿಗೆ ಮೆತ್ತನೆಯ ಪೇಸ್ಟ್ ಇಟ್ಟು ಅಚ್ಚು ತೆಗೆದು, ಪ್ಲಾಸ್ಟರ್ ಮಾದರಿ ಮಾಡಿ, ಕೈಯಲ್ಲಿ ಅಳೆಯುತ್ತಿದ್ದರು. ಎಳೆಗೂಸಿಗೆ ಪೇಸ್ಟ್ ಉಸಿರುನಾಳಕ್ಕೆ ಇಳಿಯುವ ಭಯ. ಈಗ ಪುಟ್ಟ ಸ್ಕ್ಯಾನರ್ ಬಾಯೊಳಗೆ ಆಡಿಸಿದರೆ ಕಂಪ್ಯೂಟರಿನಲ್ಲಿ ದವಡೆಯ ಆಕಾರ ಮೂಡುತ್ತದೆ. ಸೀಳಿನ ಅಗಲ, ಕೋರೆಹಲ್ಲುಗಳ ನಡುವಿನ ದೂರ, ದವಡೆಯ ಉದ್ದ ಎಲ್ಲ ಸಿಗುತ್ತದೆ. ಹೋದ ವರ್ಷದ ಚಿತ್ರದ ಮೇಲೆ ಈ ವರ್ಷದ್ದನ್ನು ಇಟ್ಟು ಎಷ್ಟು ಬೆಳೆದಿದೆ ಎಂದು ನೋಡಬಹುದು.

ಸ್ಕ್ಯಾನರ್ ದುಬಾರಿ, ಹಳ್ಳಿಗೆ ಎಲ್ಲಿಂದ ಎನ್ನಬಹುದು. ನಿಜ. ಆದರೆ ಅಚ್ಚು ತೆಗೆಯಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಸಾಕು. ಶಾಲೆಗೆ ಹೋಗುವ ಮಗುವಿನ ಪ್ಲಾಸ್ಟರ್ ಮಾದರಿಯನ್ನು ಮೈಸೂರಿಗೆ ಕಳಿಸಿ ಅಲ್ಲೇ ಸ್ಕ್ಯಾನ್ ಮಾಡಿಸಬಹುದು. ಮಾದರಿ ಬರಲಿ, ಪ್ರತಿಸಲ ತಾಯಿ ಕೂಲಿ ಬಿಟ್ಟು ಬರುವುದು ತಪ್ಪಲಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳ ಸೇರಿವೆ. ಅದರ ವೈದ್ಯ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಆಪರೇಷನ್ ಆದ ಮಕ್ಕಳ ಪಟ್ಟಿ ಇಟ್ಟು, ಹಲ್ಲು ಬದಲಾಗುವ ವಯಸ್ಸಿನಲ್ಲಿ ದವಡೆಯ ಅಳತೆ ಮಾಡಿಸುವುದೂ ಅದೇ ತಂಡದ ಕೆಲಸವಾಗಲಿ. ಅಳತೆಯ ಒಂದು ಪ್ರತಿ ಹೆತ್ತವರ ಕೈಗೂ ಸಿಗಲಿ ಎಂಬುದು ನಮ್ಮ ಒತ್ತಾಯ.

ಗ್ರಹಣದಲ್ಲಿ ಚಾಕು ಹಿಡಿದಳು ಎಂದು ತಾಯಿಯನ್ನು ದೂರುವವರು ಇನ್ನೂ ಇದ್ದಾರೆ. ದೂರುವುದನ್ನು ಬಿಡಿ. ನಿಮ್ಮೂರಿನಲ್ಲಿ ಅಂಥ ಮಗು ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಮಗುವಿಗೆ ಎಂಟು ತುಂಬಿದ್ದರೆ ಇವತ್ತೇ ಹೇಳಿ.