ಹುಡುಕೋ ಮೊದಲು ಹೆಸರಿಡೋಣ

1984ರಲ್ಲಿ ಅಮೆರಿಕದ ಟಾಮ್ ಜೆನ್ನಿಂಗ್ಸ್ ಶುರು ಮಾಡಿದ ಫೈಡೋನೆಟ್, ಫೋನ್ ಲೈನ್ ಮೂಲಕ ಬುಲೆಟಿನ್ ಬೋರ್ಡ್‌ಗಳನ್ನು ಬೆಸೆದ ಜಾಲ. ಮುಂದೆ ಅಲ್ಲಿ ಫೈಲ್ ಹುಡುಕೋಕೆ ಒಂದು ದಾರಿ ಬಂತು: ‘ಆಲ್‌ಫಿಕ್ಸ್’ ಹೆಸರಿಗೆ ಸಂದೇಶ, ವಿಷಯದ ಸಾಲಿನಲ್ಲಿ ಬೇಕಾದ ಪದ. ಸಂದೇಶ ಬೋರ್ಡಿಂದ ಬೋರ್ಡಿಗೆ ಹೋಗುತ್ತಿತ್ತು. ಆ ಪ್ರೋಗ್ರಾಂ ಇದ್ದ ಬೋರ್ಡ್‌ಗಳು ತಮ್ಮ ಪಟ್ಟಿ ನೋಡಿ ತಾವೇ ಉತ್ತರ ಕಳಿಸುತ್ತಿದ್ದವು. ಕಾಯಬೇಕಿತ್ತು, ನಿಜ. ಆದರೂ ಸಿಗುತ್ತಿತ್ತು. ಯಾಕಂದ್ರೆ ಫೈಲಿನ ಜೊತೆ ಯಾರೋ ಪುಟ್ಟ ವಿವರಣೆ ಬರೆದಿಟ್ಟಿರುತ್ತಿದ್ದರು.

ನಾವೋ? ಲ್ಯಾಬ್ ಮ್ಯಾನ್ಯುಯಲ್ಲನ್ನು ‘ಸ್ಕ್ಯಾನ್ 3’ ಅಂತ ವಾಟ್ಸಾಪ್ ಗ್ರೂಪಿಗೆ ಎಸೀತೀವಿ. ಪರೀಕ್ಷೆಯ ಹಿಂದಿನ ರಾತ್ರಿ ‘ಯಾರ ಹತ್ರ ಇದೆ?’ ಅಂತ ಪರದಾಡ್ತೀವಿ. ಕ್ಷಣದಲ್ಲಿ ಹುಡುಕೋ ಸೌಲಭ್ಯ ಇದ್ದೂ ಸಿಗಲ್ಲ. ವಿಷಯ, ಸೆಮಿಸ್ಟರ್, ವರ್ಷ, ಇಷ್ಟನ್ನಾದರೂ ಬರೆದು ಹಾಕೋಣ. ಜೂನಿಯರ್‌ಗಳಿಗೆ ಅಷ್ಟು ಮಾಡಿದ್ರೆ ಸಾಕು.